ದೀರ್ಘಕಾಲದ ಉರಿಯೂತ ಅಂದರೆ ಏನು?

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಂಡು ನೋಯುತ್ತದೆ. ರಕ್ತ ಅಲ್ಲಿಗೆ ಜಾಸ್ತಿ ಹರಿದು, ಬಿಳಿ ರಕ್ತಕಣಗಳು ನುಗ್ಗಿ ರೋಗಾಣುಗಳನ್ನು ಕೊಲ್ಲುವಾಗ ಹೀಗಾಗುತ್ತದೆ. ಇದೇ ಉರಿಯೂತ. ಇದಿಲ್ಲದೆ ಗಾಯ ವಾಸಿಯಾಗುವುದಿಲ್ಲ. ಕೆಲಸ ಮುಗಿದ ಮೇಲೆ ತಾನಾಗಿ ಇಳಿಯುತ್ತದೆ.

ಕೆಲವರಲ್ಲಿ ಅದು ಇಳಿಯುವುದೇ ಇಲ್ಲ. ಇಡೀ ಮೈಯಲ್ಲಿ ಸಣ್ಣಗೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಊತ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಒಳಗೊಳಗೆ ರಕ್ತನಾಳದ ಗೋಡೆ ಕೆಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೃದಯಾಘಾತ, ಸಕ್ಕರೆ ಕಾಯಿಲೆ ಎರಡಕ್ಕೂ ಇದು ದಾರಿ ಮಾಡಿಕೊಡುತ್ತದೆ. (ಕೀಲು ಊದುವ ಸಂಧಿವಾತವೂ ದೀರ್ಘಕಾಲದ ಉರಿಯೂತವೇ. ಆದರೆ ಅದಕ್ಕೆ ವೈದ್ಯರು ಕೊಡುವ ಔಷಧಿ ಬೇಕೇ ಬೇಕು.)

ಇದನ್ನು ಅಳೆಯಲು ಲ್ಯಾಬ್‌ಗಳಲ್ಲಿ ಎಚ್‌ಎಸ್-ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇದೆ. ಸಿಆರ್‌ಪಿ ಎಂಬುದು ಉರಿಯೂತ ಇದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಒಂದು ಪ್ರೋಟೀನ್. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಹೃದಯಕ್ಕೆ ಅಪಾಯ ಜಾಸ್ತಿ. ಶೀತ, ಜ್ವರ ಇದ್ದಾಗ ಪರೀಕ್ಷೆ ಮಾಡಿಸಬೇಡಿ, ಆಗ ಅದು ಹೇಗೂ ಏರಿರುತ್ತದೆ, ಸುಮ್ನೆ ಗಾಬರಿಯಾಗುತ್ತದೆ.

2017ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಉರಿಯೂತ ತಗ್ಗಿಸುವ ಕ್ಯಾನಾಕಿನುಮ್ಯಾಬ್ ಚುಚ್ಚುಮದ್ದು ಕೊಟ್ಟಿದ್ದರು. ಅವರ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲಿಲ್ಲ. ಆದರೂ ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು. ಉರಿಯೂತವನ್ನು ಇಳಿಸಿದರೆ ಲಾಭವಿದೆ ಎಂಬುದು ಹೀಗೆ ಗಟ್ಟಿಯಾಯಿತು. ಆದರೆ ಆ ಮದ್ದಿನಿಂದ ಪ್ರಾಣಕ್ಕೆ ಕುತ್ತಾಗುವ ಸೋಂಕುಗಳೂ ಹೆಚ್ಚಿದವು. ಅದಕ್ಕೇ ದಿನದ ಅಭ್ಯಾಸಗಳಿಗೆ ಇಷ್ಟು ಬೆಲೆ.

ಮೊದಲು ನೋಡಬೇಕಾದ್ದು ಹೊಟ್ಟೆ. ಕರುಳಿನ ಸುತ್ತ ಕೂರುವ ಕೊಬ್ಬು ಸುಮ್ಮನಿರುವುದಿಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಬಂದಿರುವುದು ಸಾಮಾನ್ಯ ಅಲ್ವಾ? ಟೈಲರ್ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳತೆ ನೋಡಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ತೂಕದ ಯಂತ್ರಕ್ಕಿಂತ ಈ ಟೇಪನ್ನೇ ನಾನು ಹೆಚ್ಚು ನಂಬುತ್ತೇನೆ.

ನಡೆದರೆ ಆ ಕೊಬ್ಬು ಕರಗುತ್ತದೆ. ಅಷ್ಟೇ ಅಲ್ಲ, ದುಡಿಯುವ ಸ್ನಾಯುಗಳು ಉರಿಯೂತ ತಣಿಸುವ ರಾಸಾಯನಿಕಗಳನ್ನೂ ಬಿಡುತ್ತವೆ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟದ ವಿಷಯಕ್ಕೆ ಬಂದರೆ ಎಲ್ಲರೂ ಕೇಳುವುದು ಅರಿಶಿನದ ಹಾಲಿನ ಬಗ್ಗೆ. ಉರಿಯೂತ ತಗ್ಗಿಸುತ್ತದೆ ಎಂದು ಹೇಳುವ ಅರಿಶಿನದ ಅಂಶ ಕರ್ಕ್ಯುಮಿನ್, ಅದು ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಹಾಲು ಇಷ್ಟವಾದರೆ ಕುಡಿಯಿರಿ, ಆದರೆ ಕರ್ಕ್ಯುಮಿನ್ ಮಾತ್ರೆಗಳನ್ನು ನುಂಗಬೇಡಿ, ಕೆಲವರಿಗೆ ಯಕೃತ್ತು ಕೆಟ್ಟದ್ದಿದೆ. ನಾರಿನಂಶ ಅದಕ್ಕಿಂತ ಮುಖ್ಯ. ಸೊಪ್ಪು, ಹೆಸರುಕಾಳು, ಅವರೆ, ರಾಗಿಯಲ್ಲಿ ಅದು ಬೇಕಾದಷ್ಟಿದೆ. ಆ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಬ್ಯುಟಿರೇಟ್ ಎಂಬ ರಾಸಾಯನಿಕ ತಯಾರಿಸುತ್ತವೆ, ಅದು ಕರುಳಿನ ಒಳಪದರವನ್ನು ಕಾಯುತ್ತದೆ. ಕರಾವಳಿಯ ಬೂತಾಯಿ, ಬಂಗುಡೆ ಮೀನು, ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಇದೆ. ಬೇಕರಿ ತಿಂಡಿ, ಸಿಹಿ ಪಾನೀಯ ಕಡಿಮೆ ಮಾಡಿ.

ಬೀಡಿ, ಸಿಗರೇಟು ಬಿಡಲೇಬೇಕು. ರಾತ್ರಿ ಏಳು ಗಂಟೆಯಾದರೂ ನಿದ್ದೆ ಬೇಕು. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ ವಸಡಿನಲ್ಲೇ ಉರಿಯೂತ ಇದೆ ಎಂದರ್ಥ. ದಂತವೈದ್ಯರ ಹತ್ತಿರ ಹೋಗಿ ಕ್ಲೀನ್ ಮಾಡಿಸಿಕೊಳ್ಳಿ. ವಸಡಿನ ರೋಗಕ್ಕೆ ಚಿಕಿತ್ಸೆ ಪಡೆದವರಲ್ಲಿ ಸಿಆರ್‌ಪಿಯೂ ಸ್ವಲ್ಪ ಇಳಿದದ್ದು ಕಂಡುಬಂದಿದೆ.