ಇಪ್ಪತ್ತೆಂಟರ ಲೆಕ್ಕ: ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಪತ್ರಿಕೆಗಳು ಬೆಳೆದು ಬಂದ ಬಗೆ

ಜನವರಿ ಬಂತೆಂದರೆ ಹತ್ತನೇ ತರಗತಿ ಮಕ್ಕಳ ಚೀಲದಲ್ಲಿ ಪಠ್ಯಪುಸ್ತಕಕ್ಕಿಂತ ಜೆರಾಕ್ಸ್ ಹಾಳೆಗಳೇ ಹೆಚ್ಚು. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆ ಒಂದು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನವರು ಹೊರತಂದ ಪ್ರಶ್ನಕೋಠಿ ಇನ್ನೊಂದು, ಉಪನಿರ್ದೇಶಕರ ಕಚೇರಿಯಿಂದ ಬಂದ ‘ಪಾಸಿಂಗ್ ಪ್ಯಾಕೇಜ್’ ಮತ್ತೊಂದು. ಅದರ ಮೇಲೆ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್‌ಗಳು, ಅಂಗಡಿಯ ಗೈಡು, ಟ್ಯೂಷನ್ನಿನ ನೋಟ್ಸು. ಗಣಿತ ಮತ್ತು ವಿಜ್ಞಾನದ ಮಟ್ಟಿಗೆ ಈ ರಾಶಿ ಇನ್ನೂ ದೊಡ್ಡದು, ಏಕೆಂದರೆ ಮಕ್ಕಳು ಹೆದರುವ ವಿಷಯಗಳೂ ಇವೇ, ಅಭ್ಯಾಸದಿಂದ ಅಂಕ ಏರುತ್ತದೆ ಎಂಬ ನಂಬಿಕೆ ಹೆಚ್ಚಿರುವ ವಿಷಯಗಳೂ ಇವೇ. ಯಾವುದನ್ನು ಬಿಡಿಸಬೇಕು, ಯಾವುದು ಈ ವರ್ಷಕ್ಕೆ ಅನ್ವಯ, ಯಾವುದರ ಉತ್ತರ ಸರಿ ಎಂಬುದು ಪಾಲಕರಿಗಿರಲಿ, ಎಷ್ಟೋ ಸಲ ಶಿಕ್ಷಕರಿಗೇ ಸ್ಪಷ್ಟವಿರುವುದಿಲ್ಲ. ಈ ಗೋಜಲು ಒಂದೇ ದಿನ ಹುಟ್ಟಿದ್ದಲ್ಲ.

1966ರ ಕಾಯ್ದೆಯಡಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂದ ಮೇಲೆ ಹಲವು ದಶಕಗಳ ಕಾಲ ‘ಅಭ್ಯಾಸ ಪ್ರಶ್ನೆ’ ಎಂದರೆ ಹಿಂದಿನ ಐದಾರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಹೊಲಿದ ಒಂದು ಕಟ್ಟು, ಜೊತೆಗೊಂದು ಗೈಡು, ಅಷ್ಟೇ. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಮುಖ್ಯ ಶಿಕ್ಷಕರ ಸಂಘಗಳು ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದವು. ಆ ಪತ್ರಿಕೆ ತೆಗೆಯುತ್ತಿದ್ದುದು ಅದೇ ಊರಿನ ಹಿರಿಯ ಮೇಷ್ಟ್ರು. ಪ್ರಶ್ನೆ ಚೆನ್ನಾಗಿದ್ದರೆ ಅವರಿಗೆ ಹೆಸರು, ತಪ್ಪಿದ್ದರೆ ಮರುದಿನ ಸ್ಟಾಫ್‌ರೂಮಿನಲ್ಲಿ ನಗೆ.

ಮೊದಲ ದೊಡ್ಡ ತಿರುವು 2014–15ರದ್ದು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಹತ್ತನೇ ತರಗತಿಗೂ ಬಂದು, ಗಣಿತ, ವಿಜ್ಞಾನಗಳ 100 ಅಂಕ 80 ಮತ್ತು 20 ಎಂದು ಹೋಳಾಯಿತು. 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆಂತರಿಕ ಅಂಕ ಎಲ್ಲ ಕಡೆಯೂ ಕೈಬಿಚ್ಚಿಯೇ ಬರುತ್ತದೆ, ಅದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಎಲ್ಲರ ಕಣ್ಣೂ ನೆಟ್ಟದ್ದು ಲಿಖಿತ ಪರೀಕ್ಷೆಯಲ್ಲಿ ಆಗ ದಾಟಬೇಕಿದ್ದ 28ರ ಮೇಲೆ. 80ರ ಶೇ 35 ಅದು. ಈಗಿನ ಅಭ್ಯಾಸ ಸಾಮಗ್ರಿಯ ಅರ್ಧ ಭಾಗ ಹುಟ್ಟಿದ್ದು ಈ ಒಂದು ಸಂಖ್ಯೆಯಿಂದ.

ಎರಡನೆಯ ತಿರುವು 2018–19. ರಾಜ್ಯದ ಹತ್ತನೇ ತರಗತಿಗೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಗಣಿತ, ವಿಜ್ಞಾನ ಪುಸ್ತಕಗಳು ಬಂದವು. ಅದಕ್ಕೆ ಮುಂಚಿನ ಗಣಿತ ಪುಸ್ತಕದಲ್ಲಿ ಗಣಗಳಿದ್ದವು, ಕ್ರಮಯೋಜನೆ ಮತ್ತು ವಿಕಲ್ಪಗಳಿದ್ದವು, ಕರಣಿಗಳಿದ್ದವು, ಮಾನಕ ವಿಚಲನೆ ಇತ್ತು. ಅವೆಲ್ಲ ಒಮ್ಮೆಲೇ ಹೋದವು, ಅವುಗಳ ಮೇಲೆ ವರ್ಷಗಟ್ಟಲೆ ಕೂಡಿಟ್ಟಿದ್ದ ಪ್ರಶ್ನೆಗಳೂ ಹೋದವು. ಸ್ವಂತ ಪ್ರಶ್ನೆ ಸಂಗ್ರಹ ಇಟ್ಟುಕೊಂಡಿದ್ದ ಶಿಕ್ಷಕರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಕೈಯಲ್ಲಿ ಹೊಸ ಪ್ರಶ್ನೆಗಳಿಲ್ಲದಾಗ ಎಲ್ಲರೂ ಹೋದದ್ದು ಒಂದೇ ಬಾವಿಗೆ: ಪಠ್ಯದ ಅಭ್ಯಾಸಗಳು, ಮಂಡಳಿ ಕೊಟ್ಟ ಮಾದರಿ ಪತ್ರಿಕೆ. ಇವತ್ತು ಐದು ಬೇರೆ ಬೇರೆ ಸಂಗ್ರಹ ತೆರೆದರೂ ಅದೇ ಲೆಕ್ಕ ಅದೇ ಅಂಕಿಗಳೊಂದಿಗೆ ಎದುರಾಗುವುದಕ್ಕೆ ಇದು ಮುಖ್ಯ ಕಾರಣ.

ಜೊತೆಗೆ ನೀಲನಕ್ಷೆ, ಅಂದರೆ ಎಲ್ಲರೂ ಕರೆಯುವ ಬ್ಲೂಪ್ರಿಂಟ್, ಗಟ್ಟಿಯಾಯಿತು. 2020ರ ಹೊತ್ತಿಗೆ ನೆಲೆನಿಂತ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ: ಒಂದು ಅಂಕದ 8 ಬಹು ಆಯ್ಕೆ, ಒಂದು ಅಂಕದ ಇನ್ನೂ 8 ನೇರ ಪ್ರಶ್ನೆ, ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4, ಐದು ಅಂಕದ 1. ಕೂಡಿದರೆ 80. ಯಾವ ಘಟಕದಿಂದ ಎಷ್ಟು ಅಂಕ, ಯಾವ ರೂಪದಲ್ಲಿ ಎಂಬುದು ಮೊದಲೇ ಗೊತ್ತಾದರೆ ಮಗುವಿಗೆ ಹೆದರಿಕೆ ಕಡಿಮೆಯಾಗುತ್ತದೆ, ನಿಜ. ಆದರೆ ಅದೇ ಮಾಹಿತಿಯಿಂದ ಯಾವ ಪಾಠವನ್ನು ಓದದೇ ಬಿಡಬಹುದು ಎಂಬ ಪಟ್ಟಿಯೂ ಸಿದ್ಧವಾಗುತ್ತದೆ.

ಹಾಗೆ ಬಿಟ್ಟು ಉಳಿದ, ಪಾಸಾಗಲು ಸಾಕಾಗುವ ಭಾಗಗಳ ಪಟ್ಟಿಗೇ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಗಣಿತದ ಒಂದು ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು, ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯ, ಸರಾಸರಿ ಅಥವಾ ಬಹುಲಕ, ಸಮಾಂತರ ಶ್ರೇಢಿಯ ಪದ ಹುಡುಕುವುದು, ದೂರ ಸೂತ್ರ. ವಿಜ್ಞಾನದಲ್ಲಿ ಚಿತ್ರಗಳು: ಕಣ್ಣು, ಹೃದಯ, ನೆಫ್ರಾನ್, ಹೂವಿನ ನೀಳಛೇದ, ಲೋಹದ ಮೇಲೆ ಹಬೆಯ ವರ್ತನೆ ತೋರಿಸುವ ಉಪಕರಣದ ಜೋಡಣೆ. ಓದಿನಲ್ಲಿ ತೀರಾ ಹಿಂದುಳಿದ ಮಗುವನ್ನು ದಡ ಸೇರಿಸಲು ಮಾಡಿದ ಸಾಧನ ಇದು, ಆ ಕೆಲಸವನ್ನು ಅದು ಮಾಡುತ್ತದೆ ಕೂಡ. ತೊಂದರೆ ಇರುವುದು ಬೇರೆಡೆ. ಕೊನೆಯ ಎರಡು ತಿಂಗಳು ಹಿಂದುಳಿದವರಿಗೆಂದು ಮಾಡಿದ ಹಾಳೆ ಎಷ್ಟೋ ತರಗತಿಗಳಲ್ಲಿ ಅಕ್ಟೋಬರಿನಿಂದಲೇ ಎಲ್ಲರ ಪಠ್ಯವಾಗುತ್ತದೆ.

ಉರು ಹೊಡೆದ ಪ್ರಮೇಯ ಹೇಗೆ ಕೈಕೊಡುತ್ತದೆ ಎಂಬುದನ್ನು ಉತ್ತರ ಪತ್ರಿಕೆ ತಿದ್ದುವವರು ಪ್ರತಿ ವರ್ಷ ನೋಡುತ್ತಾರೆ. ಪ್ಯಾಕೇಜಿನಲ್ಲಿ ತ್ರಿಭುಜ ಎಬಿಸಿ, ಸಮಾಂತರ ರೇಖೆ ಡಿಇ. ಪರೀಕ್ಷೆಯಲ್ಲಿ ತ್ರಿಭುಜ ಪಿಕ್ಯೂಆರ್ ಕೊಟ್ಟರೆ ಮಗು ಚಿತ್ರಕ್ಕೆ ಪಿಕ್ಯೂಆರ್ ಎಂದು ಹೆಸರಿಟ್ಟು, ಸಾಧನೆಯನ್ನು ಎಬಿಸಿಯಲ್ಲೇ ಬರೆದಿರುತ್ತದೆ. ದತ್ತ, ಸಾಧನೀಯ, ರಚನೆಗೆ ಸಿಗುವ ಅಂಕ ಸಿಗಬಹುದು, ಸಾಧನೆಯ ಹಂತಗಳಿಗೆ ಕತ್ತರಿ ಬೀಳುತ್ತದೆ. ಇದನ್ನು ತಪ್ಪಿಸಲು ಹೊಸ ಪ್ರಶ್ನೆ ಬೇಕಿಲ್ಲ. ಅಭ್ಯಾಸದಲ್ಲಿ ಪ್ರತಿ ಸಲ ಶೃಂಗಗಳ ಹೆಸರು ಬದಲಿಸಿ, ತ್ರಿಭುಜವನ್ನು ಒಮ್ಮೆ ತಿರುಗಿಸಿ ಕೊಟ್ಟರೆ ಸಾಕು.

ನಕ್ಷೆಯ ಪ್ರಶ್ನೆಯೂ ಹಾಗೆಯೇ. ಎಕ್ಸ್ + ವೈ = 5 ಮತ್ತು 2ಎಕ್ಸ್ − ವೈ = 4 ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ (0, 5), (5, 0), ಎರಡನೆಯದಕ್ಕೆ (0, −4), (2, 0). ರೇಖೆಗಳು ಕೂಡುವುದು (3, 2)ರಲ್ಲಿ. ಎರಡೇ ಬಿಂದುಗಳಿಂದ ರೇಖೆ ಎಳೆಯಬಹುದು, ಹೆಚ್ಚಿನ ಪ್ಯಾಕೇಜುಗಳು ಕಲಿಸುವುದೂ ಅಷ್ಟನ್ನೇ. ಆದರೆ −4ರ ಬದಲು 4 ಬರೆದುಬಿಟ್ಟರೆ ತಪ್ಪು ರೇಖೆಯೂ ನೆಟ್ಟಗೇ ಕಾಣುತ್ತದೆ, ಗೊತ್ತೇ ಆಗುವುದಿಲ್ಲ. ಮೂರನೆಯ ಬಿಂದು ತೆಗೆದುಕೊಂಡರೆ ಅದು ರೇಖೆಯ ಮೇಲೆ ಕೂರದೆ ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ಕೊನೆಗೆ ಸಿಕ್ಕ ಬೆಲೆಗಳನ್ನು ಎರಡೂ ಸಮೀಕರಣಗಳಿಗೆ ಹಾಕಿ ತಾಳೆ ನೋಡಲು ಅರ್ಧ ನಿಮಿಷ ಬೇಕು. ಅಂಕಗಳು ಹಂತ ಹಂತವಾಗಿ, ಅರ್ಧರ್ಧ ಅಂಕದ ಲೆಕ್ಕದಲ್ಲಿ ಬೀಳುವುದರಿಂದ ಕೋಷ್ಟಕ ತಪ್ಪಿದರೆ ಅದರ ಮುಂದಿನ ರೇಖೆಯೂ, ಛೇದಿಸುವ ಬಿಂದುವೂ ಸಾಲಾಗಿ ಹೋಗುತ್ತವೆ. ಅಳತೆ ಪ್ರಮಾಣ ಬರೆಯದೆ ಬಿಡುವವರೂ ಕಡಿಮೆಯೇನಿಲ್ಲ.

2021ರಲ್ಲಿ ಎಲ್ಲವೂ ತಲೆಕೆಳಗಾಯಿತು. ಕೋವಿಡ್ ಕಾರಣಕ್ಕೆ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನಕ್ಕೆ ಇಳಿಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಮೊದಲ ದಿನ, ಒಂದೊಂದಕ್ಕೆ 40 ಬಹು ಆಯ್ಕೆ ಪ್ರಶ್ನೆ, ಮೂರು ಗಂಟೆಯಲ್ಲಿ 120, ಯಂತ್ರ ಓದುವ ಓಎಂಆರ್ ಹಾಳೆಯಲ್ಲಿ ಗುರುತು ಹಾಕುವುದು. ಕೆಲವೇ ವಾರಗಳಲ್ಲಿ ರಾಜ್ಯದ ತುಂಬ ಬಹು ಆಯ್ಕೆ ಪ್ರಶ್ನೆಗಳ ಮಹಾಪೂರ. ಎರಡು, ಮೂರು ಅಂಕದ ಹಳೇ ಪ್ರಶ್ನೆಗಳಿಗೆ ನಾಲ್ಕು ಉತ್ತರ ತಗುಲಿಸಿ ಸಾವಿರಗಟ್ಟಲೆ ಪ್ರಶ್ನೆ ತಯಾರಾದವು. ಆಗ ತಯಾರಾದ ಸರಕು ಇಂದಿಗೂ ಹೊಸ ಮುಖಪುಟ ಹೊತ್ತು ಓಡಾಡುತ್ತಿದೆ. ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಬಹು ಆಯ್ಕೆ ಪ್ರಶ್ನೆಯ ಜೀವ ಇರುವುದು ತಪ್ಪು ಉತ್ತರಗಳಲ್ಲಿ. ಪೀನ ಮಸೂರದ ಸಂಗಮದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಚಿಹ್ನಾ ನಿಯಮ ಹಾಕಿ ಮಸೂರ ಸೂತ್ರ ಬಳಸಿದರೆ 1/10 − 1/15 = 1/30, ಅಂದರೆ 30 ಸೆಂ.ಮೀ. ವರ್ಧನೆ −2, ಪ್ರತಿಬಿಂಬ ಸತ್ಯ, ತಲೆಕೆಳಗು, ಎರಡು ಪಟ್ಟು ದೊಡ್ಡದು. ಮಗು ವಸ್ತುದೂರಕ್ಕೆ ಋಣ ಚಿಹ್ನೆ ಹಾಕಲು ಮರೆತರೆ 1/10 + 1/15, ಉತ್ತರ 6. ಚಿಹ್ನೆ ಸರಿಯಾಗಿ ಹಾಕಿ, ಮಸೂರದ ಬದಲು ದರ್ಪಣದ ಸೂತ್ರ ಬಳಸಿದರೂ 6. ಆದ್ದರಿಂದ ಆಯ್ಕೆಗಳಲ್ಲಿ 6 ಇರಲೇಬೇಕು. 6 ಗುರುತು ಹಾಕಿದ ಮಗು ಎಲ್ಲಿ ಎಡವಿತು ಎಂದು ಶಿಕ್ಷಕರಿಗೆ ಅಂದಾಜು ಸಿಗುತ್ತದೆ. ಅವಸರದಲ್ಲಿ ತಯಾರಾದ ಪತ್ರಿಕೆಗಳಲ್ಲಿ ಇಂಥ ಕಡೆ 20, 40, 50 ಎಂಬಂಥ ಗುಂಡು ಸಂಖ್ಯೆಗಳು ಇರುತ್ತವೆ. ಅವು ಯಾವ ತಪ್ಪಿನಿಂದಲೂ ಹುಟ್ಟುವುದಿಲ್ಲ. 6 ಬಂದ ಮಗು ಅದು ಪಟ್ಟಿಯಲ್ಲಿ ಇಲ್ಲವೆಂದು ನೋಡಿ, ಕಣ್ಣುಮುಚ್ಚಿ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗುತ್ತದೆ.

ಇದರಲ್ಲೇ ಇನ್ನೊಂದು ಮೋಜಿದೆ. ಎರಡು ತಪ್ಪನ್ನೂ ಒಟ್ಟಿಗೆ ಮಾಡಿದರೆ, ಅಂದರೆ ದರ್ಪಣ ಸೂತ್ರವನ್ನೇ ತೆಗೆದುಕೊಂಡು ಚಿಹ್ನೆಯನ್ನೂ ಮರೆತರೆ, 30 ಬರುತ್ತದೆ! ಓಎಂಆರ್ ಹಾಳೆ ಪೂರ್ಣ ಅಂಕ ಕೊಡುತ್ತದೆ. ಹಂತಗಳನ್ನು ಬರೆಸಿದರೆ ಮಾತ್ರ ಈ ಗುಟ್ಟು ಹೊರಬೀಳುವುದು. ಬಹು ಆಯ್ಕೆಯ ಅಭ್ಯಾಸ ಮಾಡಿಸುವಾಗಲೂ ಪಕ್ಕದಲ್ಲಿ ಎರಡು ಸಾಲು ಲೆಕ್ಕ ಬರೆಸಿ ಎಂದು ಅನುಭವಿಗಳು ಒತ್ತಾಯಿಸುವುದು ಇದಕ್ಕೇ.

ಸಂಖ್ಯೆ ಬದಲಿಸಿ ‘ಹೊಸ’ ಲೆಕ್ಕ ಮಾಡುವವರದು ಬೇರೆಯದೇ ಪಜೀತಿ. ಸಮಾಂತರ ಶ್ರೇಢಿಯ ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 3, ಎಷ್ಟು ಪದಗಳ ಮೊತ್ತ 100? ನೋಡಲು ಏನೂ ಕೊರತೆಯಿಲ್ಲ. ಬಿಡಿಸಹೊರಟರೆ ವರ್ಗ ಸಮೀಕರಣದ ಶೋಧಕ 2449. ಅದು ಪೂರ್ಣವರ್ಗ ಅಲ್ಲ, ಹಾಗಾಗಿ ಪದಗಳ ಸಂಖ್ಯೆ ಪೂರ್ಣಾಂಕವಾಗಿ ಬರುವುದೇ ಇಲ್ಲ. ಮೊತ್ತವನ್ನು 185 ಮಾಡಿದರೆ ಶೋಧಕ 4489, ಅಂದರೆ 67ರ ವರ್ಗ. ಉತ್ತರ 10 ಪದ, ಇನ್ನೊಂದು ಮೂಲ ಋಣಾತ್ಮಕ, ಅದನ್ನು ಬಿಡಬೇಕು. ಪದ 10 ಎಂದು ಮೊದಲೇ ಇಟ್ಟುಕೊಂಡು, ಮೊತ್ತ 185 ಎಂದು ಲೆಕ್ಕ ಹಾಕಿ, ಆಮೇಲೆ ಪ್ರಶ್ನೆ ಬರೆಯುವುದು ಸರಿಯಾದ ಕ್ರಮ. ಉತ್ತರದಿಂದ ಹಿಂದಕ್ಕೆ ಬರದೆ ಪ್ರಶ್ನೆ ಕಟ್ಟಿದವರ ಪತ್ರಿಕೆಯಲ್ಲಿ ಇಂಥ ಒಂದೆರಡು ಲೆಕ್ಕ ಸಿಕ್ಕೇ ಸಿಗುತ್ತವೆ. ಮಗು ಅರ್ಧ ಗಂಟೆ ಗುದ್ದಾಡಿ ತನಗೇ ಗಣಿತ ಬರುವುದಿಲ್ಲ ಎಂದುಕೊಳ್ಳುತ್ತದೆ.

ಮುದ್ರಣದ ದೋಷಗಳೂ ಸೇರಿಕೊಂಡಿವೆ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಯೂನಿಕೋಡ್‌ಗೆ ಬದಲಿಸುವಾಗ ಘಾತಾಂಕ ಕೆಳಗಿಳಿದು, ಎಕ್ಸ್‌ನ ವರ್ಗ ಹೋಗಿ ಎಕ್ಸ್ ಪಕ್ಕದಲ್ಲಿ ಬರೀ 2 ನಿಲ್ಲುತ್ತದೆ. ವರ್ಗಮೂಲದ ಚಿಹ್ನೆ ಮಾಯವಾಗಿ ಚೌಕದ ಪೆಟ್ಟಿಗೆ ಬರುತ್ತದೆ. ಹತ್ತು ಗುಂಪುಗಳಲ್ಲಿ ದಾಟಿ ಬಂದ ಪಿಡಿಎಫ್‌ನಲ್ಲಿ ಇದನ್ನು ಮೊದಲು ಯಾರು ಮಾಡಿದರು ಎಂದು ಹುಡುಕಿ ಫಲವಿಲ್ಲ. ಮಂಡಳಿಯ ಕೀ ಉತ್ತರಕ್ಕಾದರೆ ಆಕ್ಷೇಪಣೆ ಸಲ್ಲಿಸುವ ದಾರಿ ಇದೆ, ಈ ಹಾಳೆಗಳಿಗೆ ಅದಿಲ್ಲ.

ಮುಂದಿನ ವರ್ಷಗಳ ಕತೆ ಬೇಗ ಹೇಳಬಹುದು. 2022ರಲ್ಲಿ ಪಿಯು ಪರೀಕ್ಷೆಗಳೂ ಸೇರಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಬಂತು. ಅದೇ ವರ್ಷ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿ ಪುಸ್ತಕಗಳಿಂದ ರಚನೆಗಳು, ಶಂಕುವಿನ ಭಿನ್ನಕ, ಧಾತುಗಳ ಆವರ್ತನೀಯ ವರ್ಗೀಕರಣದಂಥ ಭಾಗಗಳನ್ನು ತೆಗೆಯಿತು. ಹಾಗಾಗಿ ಹಳೆಯ ಪತ್ರಿಕೆ ಬಿಡಿಸುವ ಮುನ್ನ ಕೈಯಲ್ಲಿರುವ ಪುಸ್ತಕದ ಪರಿವಿಡಿಯ ಜೊತೆ ತಾಳೆ ನೋಡಿ, ಅದರಲ್ಲಿಲ್ಲದ ಪ್ರಶ್ನೆಗೆ ಗೆರೆ ಎಳೆಯಬೇಕು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಹಾಳೆಗಳ ರಾಶಿ ಅಷ್ಟು ಬೆಳೆದಿದ್ದರೂ ಕಲಿಕೆ ಎಷ್ಟಾಗಿತ್ತು ಎಂಬ ಪ್ರಶ್ನೆ ಆಗ ಎದ್ದಿತು. ಅದಕ್ಕೆ ಸಿಕ್ಕ ಉತ್ತರ ಇನ್ನಷ್ಟು ಹಾಳೆ.

2025ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಬಂತು. ಪ್ರತಿ ಪಾಠ ಮುಗಿದ ಮೇಲೆ ಕಿರುಪರೀಕ್ಷೆ, ಅದಕ್ಕೆಂದು ಪಾಠವಾರು ಪ್ರಶ್ನಕೋಠಿ. ಜೂನ್‌ನಲ್ಲಿ ಕಲಿತದ್ದನ್ನು ಜೂನ್‌ನಲ್ಲೇ ಪರೀಕ್ಷಿಸುವುದು ಎಲ್ಲ ಬಗೆಯಲ್ಲೂ ಒಳ್ಳೆಯದು. ಆದರೆ ನೂರು ಮಕ್ಕಳ ಉತ್ತರ ತಿದ್ದಿ, ಅಂಕ ದಾಖಲಿಸಿ, ಮುಂದಿನ ಪಾಠವನ್ನೂ ಮುಗಿಸಬೇಕಾದ ಒಬ್ಬ ಗಣಿತ ಶಿಕ್ಷಕರಿಗೆ ಯಾವ ಮಗು 6 ಬರೆಯಿತು, ಏಕೆ ಬರೆಯಿತು ಎಂದು ಕೂತು ನೋಡಲು ಪುರುಸೊತ್ತು ಎಲ್ಲಿ? ಅದೇ ವರ್ಷದ ಕೊನೆಯ ಭಾಗದಲ್ಲಿ ತೇರ್ಗಡೆಯ ಮಿತಿ ಶೇ 33ಕ್ಕೆ, 625ಕ್ಕೆ 206ಕ್ಕೆ ಇಳಿದಾಗ ಪ್ಯಾಕೇಜುಗಳು ಹೊಸ ಗುರಿಗೆ ಮತ್ತೆ ಅಳತೆ ಹಾಕಿಕೊಂಡವು.

ಈ ರಾಶಿಯಿಂದ ಏನಾದರೂ ಉಪಯೋಗ ತೆಗೆಯಬೇಕೆಂದಿದ್ದರೆ, ಮಂಡಳಿಯ ಹಿಂದಿನ ಮೂರು ಮುಖ್ಯ ಪರೀಕ್ಷೆಗಳ ಪತ್ರಿಕೆ ಸಾಕು. ಪ್ರಶ್ನೆ ಓದಲು ಮೊದಲ 15 ನಿಮಿಷ, ಬರೆಯಲು ಮೂರು ಗಂಟೆ, ನಡುವೆ ಎದ್ದೇಳುವಂತಿಲ್ಲ. ಗಣಿತದಲ್ಲಿ ಒಂದು ಅಂಕದ ಹದಿನಾರಕ್ಕೆ 25 ನಿಮಿಷ, ಎರಡು ಅಂಕದ ಎಂಟಕ್ಕೆ 35, ಮೂರು ಅಂಕದ ಒಂಬತ್ತಕ್ಕೆ 60, ನಾಲ್ಕು ಅಂಕದ ನಾಲ್ಕಕ್ಕೆ 35, ಐದು ಅಂಕದ್ದಕ್ಕೆ 12. ಉಳಿಯುವ 13 ನಿಮಿಷ ತಾಳೆ ನೋಡಲು. ಕೀ ಉತ್ತರ ತೆಗೆಯುವುದು ಮರುದಿನ, ಹಂತಕ್ಕೆ ಅರ್ಧರ್ಧ ಅಂಕ ಹಾಕುತ್ತಾ. ತಪ್ಪಿದ ಪ್ರಶ್ನೆಯ ಎದುರು ಕಾರಣವನ್ನು ಒಂದೇ ಪದದಲ್ಲಿ ಬರೆಯಬೇಕು: ಸೂತ್ರ, ಚಿಹ್ನೆ, ಲೆಕ್ಕಾಚಾರ, ಓದಿದ್ದು ತಪ್ಪು. ಎರಡನೆಯ ಪತ್ರಿಕೆಗೆ ಕೈಹಾಕುವುದು ಆ ಪಟ್ಟಿಯಲ್ಲಿ ಹೆಚ್ಚು ಸಲ ಬಂದ ಕಾರಣದ ಮೇಲೆ ಪಠ್ಯದ ಹತ್ತು ಲೆಕ್ಕ ಬಿಡಿಸಿದ ಮೇಲೆಯೇ.