ಕಾರವಾರದ ನೆತ್ತಿಯ ಮೇಲೆ ಭೂಕಂಪದ ಮುನ್ಸೂಚನೆ ಸಿಕ್ಕೀತೇ?

ದೊಡ್ಡ ಭೂಕಂಪವೊಂದು ಆದ ಮೇಲೆ ‘ಕೆಲವು ದಿನ ಮೊದಲೇ ಅಯಾನುಗೋಳ ಏರುಪೇರಾಗಿತ್ತು’ ಎನ್ನುವ ವರದಿಗಳು ತಪ್ಪದೆ ಬರುತ್ತವೆ. ಅಯಾನುಗೋಳವೆಂದರೆ ಸೂರ್ಯಕಿರಣದಿಂದ ಇಲೆಕ್ಟ್ರಾನ್‌ಗಳು ಬಿಡಿಯಾಗಿರುವ ವಾತಾವರಣದ ಮೇಲಿನ ಪದರ. ನಂಬುವ ಮೊದಲು ಆ ಏರುಪೇರನ್ನು ಅಳೆಯುವುದು ಹೇಗೆಂದು ನೋಡಬೇಕು.

ಅಯಾನುಗೋಳ ಸುಮಾರು 60 ಕಿ.ಮೀ. ಎತ್ತರದಿಂದ ಶುರುವಾಗಿ 300 ಕಿ.ಮೀ. ಆಸುಪಾಸಿನಲ್ಲಿ ಅತಿ ದಟ್ಟವಾಗಿರುತ್ತದೆ. ಜಿಪಿಎಸ್ ಉಪಗ್ರಹ 1575.42 ಮತ್ತು 1227.60 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಂಕೇತಗಳು ಅಲ್ಲಿನ ಇಲೆಕ್ಟ್ರಾನ್‌ಗಳಿಂದಾಗಿ ತಡವಾಗುತ್ತವೆ. ಕಡಿಮೆ ಆವರ್ತನದ್ದು ಹೆಚ್ಚು ತಡ. ಈ ಎರಡು ತಡಗಳ ವ್ಯತ್ಯಾಸದಿಂದ ದಾರಿಯಲ್ಲಿದ್ದ ಒಟ್ಟು ಇಲೆಕ್ಟ್ರಾನ್‌ಗಳ ಲೆಕ್ಕ ಸಿಗುತ್ತದೆ. ಒಂದು ಚದರ ಮೀಟರ್ ಅಡ್ಡಗಲದ ಕಂಬದಲ್ಲಿ 10ರ 16ನೇ ಘಾತದಷ್ಟು ಇಲೆಕ್ಟ್ರಾನ್ ಇದ್ದರೆ ಅದು ಒಂದು ಟೆಕ್ (ಒಟ್ಟು ಇಲೆಕ್ಟ್ರಾನ್ ಪ್ರಮಾಣ) ಯೂನಿಟ್. ಅಷ್ಟಕ್ಕೇ 1575.42ರ ಸಂಕೇತದಲ್ಲಿ ದೂರದ ಲೆಕ್ಕ 16 ಸೆಂ.ಮೀ. ತಪ್ಪುತ್ತದೆ. ಉಪಗ್ರಹದ ಮತ್ತು ರಿಸೀವರಿನ ಯಂತ್ರದೊಳಗೇ ಆಗುವ ತಡವನ್ನು ಮೊದಲು ಕಳೆಯದಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಇನ್ನೊಂದು ತೊಡಕಿದೆ. ಉಪಗ್ರಹ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದರೆ, ಸಂಕೇತ ಅಯಾನುಗೋಳವನ್ನು ತೂರಿ ಬರುವ ಜಾಗ ರಿಸೀವರಿನಿಂದ ಸುಮಾರು 500 ಕಿ.ಮೀ. ದೂರ. ಕಾರವಾರದ ರಿಸೀವರ್ ಪೂರ್ವದ ಉಪಗ್ರಹದಿಂದ ಪಡೆದ ಅಂಕಿ ನಿಜಕ್ಕೂ ಕಡಪದ ಆಕಾಶದ್ದು; ಪಶ್ಚಿಮದ್ದಾದರೆ ಅರಬ್ಬಿ ಸಮುದ್ರದ ಮಧ್ಯದ್ದು.

ಸಾಮಾನ್ಯವಾಗಿ ಹಿಂದಿನ 15 ದಿನಗಳ ಅದೇ ಹೊತ್ತಿನ ಅಂಕಿಗಳ ಮಧ್ಯಮ ಬೆಲೆ ತೆಗೆದು, ನಡುವಿನ ಅರ್ಧ ಅಂಕಿಗಳು ಹರಡಿರುವ ಅಗಲದ ಒಂದೂವರೆ ಪಟ್ಟನ್ನು ಮೇಲಕ್ಕೂ ಕೆಳಕ್ಕೂ ಗಡಿಯಾಗಿ ಹಾಕುತ್ತಾರೆ. ಗಡಿ ದಾಟಿದ್ದು ‘ಅಸಹಜ’. ಆದರೆ ಭೂಮಿ ಅಲುಗದಿದ್ದರೂ ನೂರರಲ್ಲಿ ನಾಲ್ಕು ಅಂಕಿ ಈ ಗಡಿಯನ್ನು ಸಹಜವಾಗಿಯೇ ದಾಟುತ್ತವೆ. ಗಂಟೆಗೊಂದರಂತೆ ಐದು ದಿನಕ್ಕೆ 120 ಅಂಕಿ. ಅವುಗಳಲ್ಲಿ ಐದಾರು ಹೊರಗಿದ್ದರೆ ಅಚ್ಚರಿಯೇನೂ ಇಲ್ಲ. ಭೂಕಂಪವಾದ ಮೇಲೆ ಹಿಂದಕ್ಕೆ ಹೋಗಿ ಹುಡುಕಿದವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಭೂಕಂಪವಿಲ್ಲದ ದಿನಗಳಿಗೂ ಇದೇ ಲೆಕ್ಕ ಮಾಡಿ ತೋರಿಸದ ವರದಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ನಮ್ಮ ಕಡೆಯಂತೂ ಪರೀಕ್ಷೆ ಇನ್ನೂ ಕಠಿಣ. ಕಾಂತೀಯ ವಿಷುವರೇಖೆ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಹಗಲು ಅಲ್ಲಿ ಮೇಲೆದ್ದ ಇಲೆಕ್ಟ್ರಾನ್‌ಗಳು ಕಾರಂಜಿಯಂತೆ ಕಾಂತರೇಖೆಗುಂಟ ಇಳಿದು ಗುಜರಾತ್, ಮಧ್ಯಪ್ರದೇಶಗಳ ಮೇಲೆ ದಟ್ಟೈಸುತ್ತವೆ. ಈ ಇಳಿಜಾರಿನಲ್ಲಿರುವ ಉತ್ತರ ಕನ್ನಡದ ಮೇಲೆ ಬೆಳಗಿನ ಜಾವ ಕೆಲವೇ ಯೂನಿಟ್ ಇರುವುದು, ಸೂರ್ಯ ಚಟುವಟಿಕೆಯಿಂದಿರುವ ವರ್ಷಗಳಲ್ಲಿ ಮಧ್ಯಾಹ್ನ 60 ದಾಟಬಹುದು. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಪ್ಲಾಸ್ಮಾ ಗುಳ್ಳೆಗಳು (ಇಲೆಕ್ಟ್ರಾನ್ ವಿರಳವಾದ ಪೊಳ್ಳುಗಳು) ಎದ್ದು ಜಿಪಿಎಸ್ ಸಂಕೇತವನ್ನೇ ಕದಡುತ್ತವೆ. ಇವುಗಳ ನಡುವೆ ಭೂಕಂಪದ್ದೆಂದು ಹೇಳುವ ಸಣ್ಣ ಬದಲಾವಣೆಯನ್ನು ಬೇರ್ಪಡಿಸಬೇಕು.

ಅತಿ ಗಟ್ಟಿಯಾಗಿ ಕಂಡ ಉದಾಹರಣೆ 2011ರ ಮಾರ್ಚ್ 11ರ ಜಪಾನ್ ಭೂಕಂಪದ್ದು. ಸುಮಾರು 40 ನಿಮಿಷ ಮೊದಲೇ ಇಲೆಕ್ಟ್ರಾನ್ ಹೆಚ್ಚಿತ್ತೆಂದು ಜಪಾನಿನ ಭೂವಿಜ್ಞಾನಿ ಕೊಸುಕೆ ಹೆಕಿ ತೋರಿಸಿದರು. ಅದಕ್ಕೆ ಬಂದ ಆಕ್ಷೇಪ ಮುಖ್ಯವಾದದ್ದು: ಭೂಕಂಪದ ನಂತರ ಇಲೆಕ್ಟ್ರಾನ್ ಕುಸಿದಿತ್ತು, ಆ ಕುಸಿತವನ್ನೂ ಸೇರಿಸಿ ‘ಸಹಜ ರೇಖೆ’ ಎಳೆದರೆ ಮೊದಲಿನ ಭಾಗ ಉಬ್ಬಿದಂತೆ ಕಾಣುತ್ತದೆ. ಈ ಜಗಳ ಪೂರ್ತಿ ಮುಗಿದಿಲ್ಲ. ಫ್ರಾನ್ಸ್ 2004ರಲ್ಲಿ ಡೆಮೆಟರ್ ಉಪಗ್ರಹವನ್ನೂ, ಚೀನಾ 2018ರಲ್ಲಿ ಝಾಂಗ್‌ಹೆಂಗ್-1 ಉಪಗ್ರಹವನ್ನೂ ಇಂಥ ಸುಳಿವಿಗೆಂದೇ ಹಾರಿಸಿದವು. ಆದರೂ ದಿನ, ಜಾಗ, ತೀವ್ರತೆ ಮೂರನ್ನೂ ಮೊದಲೇ ಹೇಳುವ ವಿಧಾನ ಇಂದಿಗೂ ಇಲ್ಲ.

ಭೂಕಂಪದ ನಂತರದ ಕಥೆಯೇ ಬೇರೆ. ಅಲ್ಲಿ ಸಂದೇಹವಿಲ್ಲ. ನೆಲ ಅಥವಾ ಸಮುದ್ರದ ಮೇಲ್ಮೈ ಜಿಗಿದಾಗ ಎದ್ದ ಒತ್ತಡದ ಅಲೆ ಎಂಟು-ಹತ್ತು ನಿಮಿಷಗಳಲ್ಲಿ ಅಯಾನುಗೋಳ ಮುಟ್ಟಿ ಇಲೆಕ್ಟ್ರಾನ್‌ಗಳನ್ನು ಅಲುಗಿಸುತ್ತದೆ. ಸುನಾಮಿ ಸಾಗುವಾಗಲೂ ಮೇಲೆ ಅದರ ಗುರುತು ಮೂಡುತ್ತದೆ. ಕರಾವಳಿಗೆ ಉಪಯೋಗವಿರುವುದು ಇಲ್ಲಿಯೇ. 1945ರ ನವೆಂಬರ್‌ನ ಮಕ್ರಾನ್ (ಇರಾನ್-ಪಾಕಿಸ್ತಾನ ಕರಾವಳಿ) ಭೂಕಂಪದ ಸುನಾಮಿ ಮುಂಬಯಿ ತಲುಪಲು ಗಂಟೆಗಳೇ ಬೇಕಾದವು. ಅಂಥದ್ದು ಮತ್ತೆ ಎದ್ದರೆ, ಕಡಲ ತಳದ ಒತ್ತಡಮಾಪಕಗಳಿಲ್ಲದ ಕಡೆಯೂ ತೀರದ ಜಿಪಿಎಸ್ ರಿಸೀವರ್‌ಗಳು ಅರಬ್ಬಿ ಸಮುದ್ರದ ಮೇಲಿನ ಆಕಾಶವನ್ನು ಓರೆಯಾಗಿ ನೋಡಿ ಅಲೆಯನ್ನು ಗುರುತಿಸಬಲ್ಲವು. ಮೊದಲು ತೊಡಕಾಗಿದ್ದ ಆ 500 ಕಿ.ಮೀ. ದೂರ ಇಲ್ಲಿ ಅನುಕೂಲ. ಅದಕ್ಕೆ 30 ಸೆಕೆಂಡಿಗೊಮ್ಮೆಯಾದರೂ ಅಳತೆ ಬೇಕು, ಅದು ತಡವಿಲ್ಲದೆ ಎಚ್ಚರಿಕೆ ಕೇಂದ್ರಕ್ಕೆ ತಲುಪಬೇಕು.