ಕಸ್ಟಮ್ಸ್‌ಗೆ ಕಂಪ್ಯೂಟರ್: ತಂತ್ರಾಂಶ ಕೈಯಲ್ಲಿದ್ದರೂ ವರ್ಷಗಟ್ಟಲೆ ಏಕೆ?

ಪ್ರಶ್ನೆ: ಕಸ್ಟಮ್ಸ್ ಕಚೇರಿಗಳ ಕೆಲಸಕ್ಕೆ ವಿಶ್ವಸಂಸ್ಥೆಯ ಅಸಿಕುಡಾದಂಥ ಸಿದ್ಧ ತಂತ್ರಾಂಶ ಇರುವಾಗ ಅಭಿವೃದ್ಧಿಶೀಲ ದೇಶಗಳು ಅದನ್ನು ಜಾರಿಗೆ ತರಲು ಇಷ್ಟು ಕಾಲ ಏಕೆ ತೆಗೆದುಕೊಳ್ಳುತ್ತವೆ? ಮೊದಲು ಏನು ಮಾಡಬೇಕು?

ಉತ್ತರ: ತಂತ್ರಾಂಶವನ್ನು ಸರ್ವರ್‌ಗೆ ಹಾಕುವುದು ದೊಡ್ಡ ಕೆಲಸವಲ್ಲ. ಆ ದೇಶದ ಸುಂಕ ಕಾನೂನನ್ನು ಅದರೊಳಗೆ ತುಂಬುವುದರಲ್ಲೇ ಕಾಲ ಹೋಗುತ್ತದೆ. 1981ರಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ವಿದೇಶ ವ್ಯಾಪಾರದ ಅಂಕಿಅಂಶ ಕಲೆಹಾಕಲು ನೆರವು ಕೇಳಿದ್ದರಿಂದ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ಅಸಿಕುಡಾವನ್ನು ಶುರು ಮಾಡಿತು. ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶಗಳು ಅದನ್ನೇ ಬಳಸುತ್ತವೆ; ಭಾರತ ತನ್ನದೇ ಕಸ್ಟಮ್ಸ್ ಕಂಪ್ಯೂಟರ್ ವ್ಯವಸ್ಥೆಯಾದ ಐಸಿಇಎಸ್ ಕಟ್ಟಿಕೊಂಡಿತು.

ಮೊದಲ ಕೆಲಸ ಕಾನೂನಿನದು. ಸಹಿ ಹಾಕಿದ ಕಾಗದವೇ ಬೇಕೆಂದು ಕಾಯ್ದೆ ಹೇಳುತ್ತಿದ್ದರೆ ಆಮದುದಾರ ಸರಕಿನ ವಿವರ ತುಂಬಿದ ಪರದೆಯ ಮೇಲಿನ ಘೋಷಣಾ ಪತ್ರ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿ ಕಂಪ್ಯೂಟರ್ ಮುದ್ರಿತ ಪ್ರತಿಯನ್ನು ಸಾಕ್ಷ್ಯವೆಂದು ಒಪ್ಪುವ 138ಸಿ ಕಲಂ 1988ರಲ್ಲೇ ಕಸ್ಟಮ್ಸ್ ಕಾಯ್ದೆಗೆ ಸೇರಿತ್ತು. ಐಸಿಇಎಸ್ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು 1995ರಲ್ಲಿ.

ಎರಡನೆಯದು ಸಂಕೇತಗಳ ಪಟ್ಟಿ. ಸರಕು ಯಾವ ಬಗೆಯದೆಂದು ಗುರುತಿಸುವ ಅಂತರರಾಷ್ಟ್ರೀಯ ಎಚ್‌ಎಸ್ ಸಂಕೇತದ ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ. ಮುಂದಿನವು ಆಯಾ ದೇಶದವು. ಅದರ ಜೊತೆಗೆ ಸುಂಕದ ದರ, ಅಳತೆಯ ಘಟಕ, ಬೇಕಾದ ಪರವಾನಗಿ ಇವೆಲ್ಲ ಸೇರಬೇಕು. ನಿಜವಾದ ಕಗ್ಗಂಟು ವಿನಾಯಿತಿಗಳದು. ಹಲವು ಸಚಿವಾಲಯಗಳು ವರ್ಷಗಳಿಂದ ಪತ್ರ ಬರೆದು ಕೊಟ್ಟ ವಿನಾಯಿತಿಗಳನ್ನೆಲ್ಲ ಹುಡುಕಿ ತೆಗೆದು, ಒಂದೊಂದಕ್ಕೂ ಸಂಕೇತ ಮತ್ತು ಮುಕ್ತಾಯದ ದಿನಾಂಕ ಕೊಡಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಕಂಪ್ಯೂಟರಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ: ಸಂಕೇತವಿಲ್ಲದ ವಿನಾಯಿತಿ ಅದರ ಕಿವಿಗೆ ಬೀಳುವುದೇ ಇಲ್ಲ. ಈ ಪಟ್ಟಿಗೆ ಒಬ್ಬ ಹಿರಿಯ ಅಧಿಕಾರಿಯನ್ನು ಹೊಣೆ ಮಾಡದಿದ್ದರೆ ಬಜೆಟ್ ಮರುದಿನವೇ ಹಳೇ ದರದಲ್ಲಿ ಸುಂಕ ಬೀಳುತ್ತದೆ.

ಮೂರನೆಯದು ಮ್ಯಾನಿಫೆಸ್ಟ್, ಅಂದರೆ ಹಡಗಿನಲ್ಲಿರುವ ಸರಕಿನ ಪಟ್ಟಿ. ಹಡಗಿನ ಏಜೆಂಟ್ ಅದನ್ನು ಮೊದಲೇ ಕಳಿಸಿದರೆ, ಪ್ರತಿ ಘೋಷಣೆ ಬಂದಾಗಲೂ ಅದಕ್ಕೆ ಹೊಂದುವ ಸಾಲು ಪಟ್ಟಿಯಿಂದ ಕಳೆಯುತ್ತದೆ; ಉಳಿದ ಸಾಲೆಂದರೆ ಬಂದರಿನಲ್ಲಿ ಬಿದ್ದಿರುವ ಅಥವಾ ಕಾಣೆಯಾದ ಮಾಲು. ಒಂದೇ ಕಂಟೇನರ್‌ನಲ್ಲಿ ಹತ್ತಾರು ಆಮದುದಾರರ ಸರಕಿದ್ದು ಅದನ್ನು ಬಿಡಿಸಿ ದಾಖಲಿಸದಿದ್ದರೆ ಎಲ್ಲರ ಫೈಲೂ ನಿಲ್ಲುತ್ತದೆ. ಹಾಗಾಗಿ ಏಜೆಂಟರ ತರಬೇತಿ ಅಧಿಕಾರಿಗಳದ್ದಕ್ಕಿಂತ ಮೊದಲೇ ಆಗಬೇಕು. ಸ್ವಂತ ಕಂಪ್ಯೂಟರ್ ಇಲ್ಲದವರಿಗೆ ಕಚೇರಿಯಲ್ಲೇ ಟೈಪಿಂಗ್ ಕೇಂದ್ರ ಬೇಕು.

ಪ್ರಯೋಗಕ್ಕೆ ಅತಿ ದೊಡ್ಡ ಬಂದರು ಬೇಡ, ದಿನಕ್ಕೆ ನಾಲ್ಕು ಫೈಲು ಬರುವ ಗಡಿ ಠಾಣೆಯೂ ಬೇಡ. ಎಲ್ಲ ಬಗೆಯ ಸರಕು ಬರುವ ಮಧ್ಯಮ ಗಾತ್ರದ ಕಚೇರಿ ಸರಿ. ಕಾಗದ ಮತ್ತು ಕಂಪ್ಯೂಟರ್ ಎರಡನ್ನೂ ಕೆಲವು ವಾರ ಜೊತೆಗೆ ನಡೆಸಿ, ಕಾಗದ ನಿಲ್ಲುವ ದಿನವನ್ನು ಮೊದಲೇ ಲಿಖಿತವಾಗಿ ಪ್ರಕಟಿಸಿ. ದಿನಾಂಕ ಇಲ್ಲದಿದ್ದರೆ ಆಗುವುದು ಒಂದೇ: ಅಧಿಕಾರಿ ಕಾಗದದ ಮೇಲೆ ತೀರ್ಮಾನಿಸುತ್ತಾನೆ, ಮಾಲು ಹೊರಗೆ ಹೋದ ಮೇಲೆ ಆಪರೇಟರ್ ಅದನ್ನು ಟೈಪ್ ಮಾಡುತ್ತಾನೆ. ಆಗ ನಿಮ್ಮ ಹತ್ತಿರ ಇರುವುದು ದುಬಾರಿ ಟೈಪ್‌ರೈಟರ್.

ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಬೀಳುತ್ತದೆ. ಯುಪಿಎಸ್, ಜನರೇಟರ್ ಜೊತೆಗೆ ಡೀಸೆಲ್‌ಗೂ ಪ್ರತಿ ವರ್ಷ ಹಣ ತೆಗೆದಿಡಿ. ದಾನಿಗಳು ಯಂತ್ರ ಕೊಟ್ಟು ಹೋದ ಮೇಲೆ ಯಾರಿಗೂ ನೆನಪಾಗದ ಖರ್ಚು ಅದೇ. ಸಂಪರ್ಕ ಕಡಿದಾಗ ಕಾಗದಕ್ಕೆ ಅನುಮತಿ ಕೊಡುವವರು ಯಾರು, ಕ್ರಮಸಂಖ್ಯೆ ಇರುವ ಫಾರಂ ಎಲ್ಲಿದೆ ಎಂಬುದೂ ಮೊದಲೇ ಗೊತ್ತಿರಬೇಕು.

ಕೊನೆಗೆ ಬಣ್ಣದ ದಾರಿಗಳು, ಅಂದರೆ ಯಾವ ಘೋಷಣೆಗೆ ಎಂಥ ತಪಾಸಣೆ ಎಂದು ವ್ಯವಸ್ಥೆ ನಿಯಮಗಳ ಪ್ರಕಾರ ಹಚ್ಚುವ ಗುರುತು. ಅಸಿಕುಡಾದಲ್ಲಿ ಹಸಿರೆಂದರೆ ನೇರ ಬಿಡುಗಡೆ, ಹಳದಿ ಎಂದರೆ ದಾಖಲೆ ಪರಿಶೀಲನೆ, ಕೆಂಪು ಎಂದರೆ ಸರಕು ತೆರೆದು ನೋಡುವುದು, ನೀಲಿ ಎಂದರೆ ಬಿಡುಗಡೆಯ ನಂತರದ ಲೆಕ್ಕ ಪರಿಶೋಧನೆ. ಹೆದರಿದ ಇಲಾಖೆ ಎಲ್ಲವನ್ನೂ ಕೆಂಪಿಗೆ ತಳ್ಳುತ್ತದೆ. ಸಾಲು ಹಳೆಯಷ್ಟೇ ಉದ್ದ ಉಳಿಯುತ್ತದೆ. ಪ್ರತಿ ತಪಾಸಣೆಯಲ್ಲಿ ಏನು ಸಿಕ್ಕಿತು, ಏನೂ ಸಿಗಲಿಲ್ಲವೇ ಎಂಬುದನ್ನು ಅಧಿಕಾರಿ ವ್ಯವಸ್ಥೆಯಲ್ಲೇ ಬರೆಯದೆ ಮಾಲು ಬಿಡುಗಡೆಯಾಗದಂತೆ ಮಾಡಿ. ಆರು ತಿಂಗಳ ಮೇಲೆ ಯಾವ ನಿಯಮ ಏನನ್ನೂ ಹಿಡಿದಿಲ್ಲವೋ ಅದನ್ನು ತೆಗೆಯಲು ಬೇಕಾದ ಪುರಾವೆ ಸಿಗುವುದು ಅಲ್ಲಿಂದಲೇ.